ಆಷಾಢದ ಆಕಾಶವನ್ನು ಗೇಮ್‌ಗೆ ಇಳಿಸುವುದು ಹೇಗೆ?

ಒಂದು ಗಾಳಿಪಟದ ಗೇಮ್ ಮಾಡಲು ಕೂತಿದ್ದೆ. ಮೈಸೂರಿನ ಅಗ್ರಹಾರದ ಒಂದು ತಾರಸಿ, ಆಷಾಢದ ಗಾಳಿ, ಒಬ್ಬ ಹುಡುಗ, ಒಂದು ಪಟ. ಅಷ್ಟೇ. ತಾರಸಿ ಕಟ್ಟಿದೆ. ನೀರಿನ ಟ್ಯಾಂಕ್ ಇಟ್ಟೆ. ಬಟ್ಟೆ ಒಣಹಾಕುವ ತಂತಿಯನ್ನೂ ಎಳೆದೆ. ಆಕಾಶಕ್ಕೆ ಮಾತ್ರ ಎಲ್ಲೋ ಸಿಕ್ಕಿದ ರೆಡಿಮೇಡ್ ಚಿತ್ರ ಅಂಟಿಸಿ ಕೈ ತೊಳೆದುಕೊಂಡೆ. ಅಕ್ಕನ ಮಗ ಬಂದು ಎರಡು ನಿಮಿಷ ಆಡಿದ. "ಮಾಮ, ಇದ್ಯಾವೂರು? ಊಟಿನಾ?" ಅಂದ. ನೋಡಿದರೆ ಚಿತ್ರದ ಅಂಚಿನಲ್ಲಿ ಸಾಲಾಗಿ ಪೈನ್ ಮರಗಳು!

ಬೇರೆ ಗೇಮ್ ಆಗಿದ್ದರೆ ನಡೆಯುತ್ತಿತ್ತೇನೋ. ಪಟ ಹಾರಿಸುವವನು ಆಟ ಪೂರ್ತಿ ಆಕಾಶವನ್ನೇ ನೋಡುತ್ತಾನಲ್ವಾ? ಹಾಗಾಗಿ ಮತ್ತೆ ಮೊದಲಿಂದ ಮಾಡಿದೆ. ನೀವೂ ಮನೆಯ ಲ್ಯಾಪ್‌ಟಾಪ್‌ನಲ್ಲಿ ಮಾಡಬಹುದು. ನಾನು ಬಳಸಿದ್ದು ಗೋಡೋ 4 ಎಂಬ ಗೇಮ್ ಕಟ್ಟುವ ತಂತ್ರಾಂಶ. ಇದು ಪೂರ್ತಿ ಉಚಿತ. ಜಿಪ್ ಬಿಚ್ಚಿ ಓಡಿಸಿದರೆ ಆಯಿತು.

ಮೊದಲು ಒಂದು ಗುಟ್ಟು. ಗೇಮ್‌ನಲ್ಲಿ ಆಕಾಶ ಅನ್ನುವುದು ನಾಟಕದ ಸೀನರಿ ಇದ್ದ ಹಾಗೆ. ಮಂಡ್ಯದ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವಾಗ ಬಾಡಿಗೆಗೆ ತಂದು ಇಳಿಬಿಡುತ್ತಾರಲ್ಲ, ಕಾಡು, ಅರಮನೆ ಬರೆದ ಪರದೆಗಳು, ಅದೇ. ಇಲ್ಲಿ ಪರದೆ ಆಟಗಾರನ ಸುತ್ತಲೂ ಇರುತ್ತದೆ, ಎಷ್ಟು ನಡೆದರೂ ಹತ್ತಿರ ಬರುವುದಿಲ್ಲ. 1993ರ ಡೂಮ್ ಗೇಮ್‌ನಲ್ಲಿ ಚಾವಣಿಗೆ ಒಂದು ವಿಶೇಷ ಗುರುತು ಹಾಕಿದರೆ ಅಲ್ಲಿ ಆಕಾಶದ ಚಿತ್ರ ಕಾಣುತ್ತಿತ್ತು. 1998ರ ಅನ್‌ರಿಯಲ್ ಇನ್ನೂ ಜಾಣತನ ಮಾಡಿತು. ಲೆವೆಲ್‌ನ ಪಕ್ಕದಲ್ಲೇ ಒಂದು ಪುಟ್ಟ ಕೋಣೆ ಕಟ್ಟಿ ಅದರಲ್ಲಿ ಆಕಾಶ ಬರೆಯುವುದು, ಲೆವೆಲ್‌ನ ಚಾವಣಿಯನ್ನು ಆ ಕೋಣೆಗೆ ಕಿಟಕಿಯಂತೆ ಮಾಡುವುದು. ಇವತ್ತಿಗೂ ಹೆಚ್ಚು ಕಡಿಮೆ ಇದೇ ಕಣ್ಕಟ್ಟು.

ಪರದೆ ಕಟ್ಟುವ ಕಂಬ

ಗೋಡೋದಲ್ಲಿ ಹೊಸ 3ಡಿ ಸೀನ್ ತೆರೆಯಿರಿ. ಅದಕ್ಕೆ ವರ್ಲ್ಡ್‌ಎನ್‌ವಿರಾನ್‌ಮೆಂಟ್ ಅನ್ನುವ ನೋಡ್ (ಸೀನ್ ಕಟ್ಟುವ ಬಿಡಿಭಾಗ) ಸೇರಿಸಿ. ಬಲಗಡೆಯ ಇನ್‌ಸ್ಪೆಕ್ಟರ್‌ನಲ್ಲಿ ಎನ್‌ವಿರಾನ್‌ಮೆಂಟ್ ಖಾಲಿ ಇರುತ್ತದೆ. ಅಲ್ಲಿ ನ್ಯೂ ಎನ್‌ವಿರಾನ್‌ಮೆಂಟ್ ಒತ್ತಿ. ಒಳಗೆ ಬ್ಯಾಕ್‌ಗ್ರೌಂಡ್ ಮೋಡ್ ಅನ್ನು ಸ್ಕೈ ಮಾಡಿ. ಕೆಳಗೆ ಸ್ಕೈ ವಿಭಾಗದಲ್ಲಿ ನ್ಯೂ ಸ್ಕೈ, ಅದರೊಳಗೆ ಸ್ಕೈ ಮೆಟೀರಿಯಲ್. ಬರುವ ಆಯ್ಕೆಗಳಲ್ಲಿ ಈ ಮೂರು ನೋಡಿ: ಪನೋರಮಾ, ಪ್ರೊಸೀಜರಲ್, ಫಿಸಿಕಲ್. ಮೊದಲನೆಯದು ಫೋಟೊ. ಎರಡನೆಯದಕ್ಕೆ ಬಣ್ಣ ನಾವೇ ಕೊಡಬೇಕು. ಮೂರನೆಯದು ಸೂರ್ಯ ಇಳಿದಂತೆ ತಾನೇ ಕೆಂಪಾಗುತ್ತದೆ.

ಫೋಟೊ ಆಕಾಶ

ಜಾಸ್ತಿ ಜನ ಇಲ್ಲಿಂದಲೇ ಶುರು ಮಾಡುತ್ತಾರೆ. ನಾನೂ ಮಾಡಿದೆ. ಬೇಕಾಗಿರುವುದು ಅಗಲ ಎತ್ತರದ ಎರಡರಷ್ಟಿರುವ ಚಿತ್ರ, ಯಾಕೆಂದರೆ ಸುತ್ತಲೂ 360 ಡಿಗ್ರಿ, ಮೇಲಿಂದ ಕೆಳಕ್ಕೆ 180 ಡಿಗ್ರಿ. 4096 ಅಗಲ, 2048 ಎತ್ತರ ಸಾಕೇ? ಗೋಡೋದ ಕ್ಯಾಮೆರಾ ಒಂದು ಸಲಕ್ಕೆ ಸುಮಾರು 107 ಡಿಗ್ರಿ ಅಗಲ ನೋಡುತ್ತದೆ. ಅಂದರೆ ಲ್ಯಾಪ್‌ಟಾಪ್ ಸ್ಕ್ರೀನ್ ತುಂಬಲು ಸಿಗುವುದು ಸುಮಾರು 1200 ಪಿಕ್ಸೆಲ್. 1920 ಅಗಲದ ಸ್ಕ್ರೀನಿನಲ್ಲಿ ಸ್ವಲ್ಪ ಮಬ್ಬು. ಮೋಡಕ್ಕೆ ಮಬ್ಬು ಒಪ್ಪುತ್ತದೆ ಬಿಡಿ. 8192 ಹಾಕಿದರೆ ಚುರುಕಾಗಿ ಕಾಣುತ್ತದೆ, ಆದರೆ ಮೆಮೊರಿ 32 ಎಂಬಿಯಿಂದ 128 ಎಂಬಿಗೆ ಹೋಗುತ್ತದೆ.

ಪಾಲಿ ಹೆವನ್ ತಾಣದಲ್ಲಿ ಯಾವ ಷರತ್ತೂ ಇಲ್ಲದೆ ಬಳಸಬಹುದಾದ ಒಳ್ಳೆಯ ಚಿತ್ರಗಳಿವೆ. ಕೈ ಪಳಗಿಸಲು ಅವು ಸಾಕು. ನಮ್ಮೂರಿನ ಆಕಾಶವೇ ಬೇಕು ಅಂದರೆ ತಾರಸಿ ಹತ್ತಬೇಕು. ಫೋನಿನಲ್ಲಿ ಎಕ್ಸ್‌ಪೋಷರ್ ಲಾಕ್ ಮಾಡಿ, ನಿಂತಲ್ಲೇ ತಿರುಗುತ್ತಾ, ಒಂದು ಫೋಟೊ ಇನ್ನೊಂದರ ಮೇಲೆ ಮೂರನೇ ಒಂದು ಭಾಗ ಬರುವ ಹಾಗೆ ತೆಗೆಯಿರಿ. ಲಾಕ್ ಮಾಡದಿದ್ದರೆ ಒಂದು ತೇಪೆ ಬೆಳ್ಳಗೆ, ಒಂದು ಕಪ್ಪಗೆ. ಬೇಗ ಮುಗಿಸಿ. ಆಷಾಢದ ಮೋಡ ನಿಮಗೋಸ್ಕರ ನಿಲ್ಲುವುದಿಲ್ಲ. ಹ್ಯೂಗಿನ್ ಎಂಬ ಉಚಿತ ತಂತ್ರಾಂಶ ಇವನ್ನೆಲ್ಲ ಹೊಲಿದು ಕೊಡುತ್ತದೆ.

ಆಮೇಲೆ ಹೊಲಿಗೆಯ ಗೆರೆ. ಚಿತ್ರದ ಎಡ ಅಂಚು, ಬಲ ಅಂಚು ಸೇರುವ ಕಡೆ ಆಕಾಶ ಸೀಳಿದ ಹಾಗೆ ಕಾಣುತ್ತದೆ. ಚಿತ್ರ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ ಚಿತ್ರ ತೆರೆದು, ಲೇಯರ್ ಮೆನುವಿನ ಟ್ರಾನ್ಸ್‌ಫಾರ್ಮ್ ಒಳಗಿನ ಆಫ್‌ಸೆಟ್‌ನಿಂದ ಅಡ್ಡಕ್ಕೆ ಅರ್ಧ ಅಗಲ ಸರಿಸಿ. ಗೆರೆ ಮಧ್ಯಕ್ಕೆ ಬರುತ್ತದೆ. ಕ್ಲೋನ್ ಅಥವಾ ಹೀಲ್ ಸಾಧನದಿಂದ ಒರೆಸಿ. ಗೋಡೋಗೆ ತಂದ ಮೇಲೆ ಇಂಪೋರ್ಟ್ ಪುಟದಲ್ಲಿ ಕಂಪ್ರೆಸ್ ಮೋಡ್ ಲಾಸ್‌ಲೆಸ್ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ನಯವಾದ ಬಣ್ಣದಲ್ಲಿ ಚೌಕಳಿ ಏಳುತ್ತದೆ.

ಇಷ್ಟೆಲ್ಲ ಮಾಡಿ ನೋಡಿದೆ, ಚೆನ್ನಾಗೇ ಇತ್ತು. ಚಾಮುಂಡಿ ಬೆಟ್ಟವೂ ಫೋಟೊದಲ್ಲಿ ಬಂದಿತ್ತು. ಮೋಡ ಮಾತ್ರ ಕದಲದೆ ನಿಂತಿತ್ತು. ಆಕಾಶವನ್ನೇ ನಿಧಾನಕ್ಕೆ ತಿರುಗಿಸಿದರೆ ಮೋಡ ಓಡುತ್ತದೆ ಅಂದುಕೊಂಡು ಸ್ಕೈ ರೊಟೇಶನ್‌ಗೆ ಅನಿಮೇಶನ್ ಹಾಕಿದೆ. ಮೋಡದ ಜೊತೆ ಬೆಟ್ಟವೂ ಹೊರಟಿತು. ಐದು ನಿಮಿಷದಲ್ಲಿ ಶ್ರೀರಂಗಪಟ್ಟಣದ ದಿಕ್ಕಿಗೆ ಹೋಗಿ ನಿಂತಿತ್ತು.

ಚಲಿಸುವುದು, ಚಲಿಸದೆ ಇರುವುದು ಎರಡೂ ಒಂದೇ ಪರದೆಯ ಮೇಲೆ ಇರಬಾರದು. ಇದನ್ನು ಮೊದಲೇ ತಿಳಿದಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು. 1996ರ ಕ್ವೇಕ್‌ನಲ್ಲೇ ಆಕಾಶಕ್ಕೆ ಎರಡು ಪದರ ಇತ್ತು. ಹಿಂದಿನ ಮೋಡ ನಿಧಾನ, ಮುಂದಿನದು ಜೋರು. ನಾನೂ ಪದರಕ್ಕೇ ಬಂದೆ.

ಹಿಂದಿನ ಬಣ್ಣ

ಸ್ಕೈ ಮೆಟೀರಿಯಲ್ ಅನ್ನು ಪ್ರೊಸೀಜರಲ್‌ಗೆ ಬದಲಿಸಿ. ಟಾಪ್ ಕಲರ್ ನೆತ್ತಿಯ ಬಣ್ಣ, ಹೊರೈಜನ್ ಕಲರ್ ಅಂಚಿನದು. ಮಳೆಗಾಲದ ಮೈಸೂರಿಗೆ ಅಚ್ಚ ನೀಲಿ ಬೇಡ. ನೆತ್ತಿಯಲ್ಲಿ ಬೂದಿ ಬೆರೆತ ನೀಲಿ, ಅಂಚಿನಲ್ಲಿ ತೊಳೆದ ಅಕ್ಕಿ ನೀರಿನ ಬಿಳುಪು. ಊಹಿಸುವ ಬದಲು ಫೋನಿನ ಫೋಟೊ ತೆರೆದಿಟ್ಟು ಬಣ್ಣ ಹೀರುವ ಸಾಧನದಿಂದ ಎತ್ತಿಕೊಳ್ಳಿ. ಗ್ರೌಂಡ್ ವಿಭಾಗದಲ್ಲೂ ಒಂದು ಹೊರೈಜನ್ ಕಲರ್ ಇದೆ. ಮೇಲಿನದನ್ನು ಬದಲಿಸಿ ಇದನ್ನು ಮರೆತರೆ ದಿಗಂತದಲ್ಲಿ ಸ್ಕೇಲ್ ಇಟ್ಟು ಎಳೆದಂಥ ಗೆರೆ ಕಾಣುತ್ತದೆ. ಎರಡೂ ಒಂದೇ ಇರಲಿ.

ಸೂರ್ಯ ಎಲ್ಲಿ?

ಇಲ್ಲಿ ಸ್ವಲ್ಪ ನಿಧಾನಿಸಿ. ಆಕಾಶ ಸುಳ್ಳು ಅಂತ ಅನ್ನಿಸುವುದು ಮೋಡದಿಂದಲ್ಲ, ನೆರಳಿನಿಂದ. ಸೂರ್ಯ ಒಂದು ಕಡೆ, ಟ್ಯಾಂಕಿನ ನೆರಳು ಇನ್ನೊಂದು ಕಡೆ ಇದ್ದರೆ ಆಟಗಾರನಿಗೆ ಕಾರಣ ಗೊತ್ತಾಗುವುದಿಲ್ಲ, ಏನೋ ಸರಿಯಿಲ್ಲ ಅನ್ನಿಸುತ್ತದೆ.

ಸೂರ್ಯನ ಬೆಳಕಿಗೆ ಡೈರೆಕ್ಷನಲ್‌ಲೈಟ್3ಡಿ ನೋಡ್ ಸೇರಿಸಿ, ಶ್ಯಾಡೋ ಆನ್ ಮಾಡಿ. ಇದನ್ನು ಎಲ್ಲಿ ಇಟ್ಟರೂ ಒಂದೇ, ಎತ್ತ ತಿರುಗಿಸಿದ್ದೀರಿ ಅನ್ನುವುದು ಮಾತ್ರ ಲೆಕ್ಕ. ಪ್ರೊಸೀಜರಲ್ ಆಕಾಶ ಸೂರ್ಯನ ಬಿಂಬವನ್ನು ಇದರ ದಿಕ್ಕು ನೋಡಿಯೇ ಬರೆಯುತ್ತದೆ, ಹಾಗಾಗಿ ಎರಡೂ ತಾನೇ ಹೊಂದುತ್ತವೆ. ಫೋಟೊ ಆಕಾಶದಲ್ಲಾದರೆ ಫೋಟೊದ ಸೂರ್ಯನಿಗೆ ಸರಿಯಾಗಿ ನೀವೇ ತಿರುಗಿಸಬೇಕು. ತಾರಸಿಯ ಮೇಲೆ ಒಂದು ಕಂಬ ನೆಟ್ಟು ನೆರಳು ನೋಡುವುದು ಸುಲಭದ ದಾರಿ.

ಗೋಡೋದ ಮೈನಸ್ ಝಡ್ ದಿಕ್ಕನ್ನು ಉತ್ತರ ಅಂತ ಇಟ್ಟುಕೊಳ್ಳಿ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ಕೊನೆಗೆ ಸೂರ್ಯ 23 ಡಿಗ್ರಿ ದಾಟಿ ಉತ್ತರದಲ್ಲಿರುತ್ತಾನೆ. ಹಾಗಾಗಿ ಆಗ ನಡುಮಧ್ಯಾಹ್ನ ಸೂರ್ಯ ನೆತ್ತಿಯಿಂದ 11 ಡಿಗ್ರಿ ಉತ್ತರಕ್ಕೆ ವಾಲಿರುತ್ತಾನೆ, ನಮ್ಮ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಯುರೋಪಿನವರ ಪಾಠ ನೋಡಿ ಮಾಡಿದರೆ ಇದು ತಲೆಕೆಳಗಾಗುತ್ತದೆ. ರೊಟೇಶನ್‌ನಲ್ಲಿ ಎಕ್ಸ್ ಮೈನಸ್ 79, ವೈ 180 ಕೊಡಿ. ಆದರೆ ಮಧ್ಯಾಹ್ನ ಪಟ ಹಾರಿಸುವವರು ಯಾರು? ಸಂಜೆ ಐದೂವರೆಗೆ ಎಕ್ಸ್ ಮೈನಸ್ 18, ವೈ ಮೈನಸ್ 111. ಸೂರ್ಯ ಪಶ್ಚಿಮಕ್ಕಿಂತ ಸ್ವಲ್ಪ ಉತ್ತರಕ್ಕೆ ಬರುತ್ತಾನೆ.

ಮೋಡದ ದಿನಕ್ಕೆ ಈ ಬೆಳಕಿನ ಎನರ್ಜಿಯನ್ನು 1ರಿಂದ 0.5ಕ್ಕೆ ಇಳಿಸಿ, ಶ್ಯಾಡೋ ಒಪ್ಯಾಸಿಟಿಯನ್ನೂ ಕಡಿಮೆ ಮಾಡಿ.

ಓಡುವ ಮೋಡ

ಮೋಡಕ್ಕೆ ದೊಡ್ಡ ಗುಮ್ಮಟ ಕಟ್ಟಬಹುದು. ಕಟ್ಟಿ ನೋಡಿದೆ. ನೆತ್ತಿಯಲ್ಲಿ ಚಿತ್ರವೆಲ್ಲ ಒಂದು ಚುಕ್ಕಿಗೆ ಸೇರಿ ಹೊಕ್ಕುಳಿನ ಹಾಗೆ ಕಾಣುತ್ತದೆ. ಪಟ ಇರುವುದೇ ಅಲ್ಲಿ! ಅದಕ್ಕೆ ಚಪ್ಪಟೆ ಹಾಳೆಯೇ ವಾಸಿ.

ಮೆಶ್‌ಇನ್‌ಸ್ಟನ್ಸ್3ಡಿ ಸೇರಿಸಿ ಪ್ಲೇನ್‌ಮೆಶ್ ಕೊಡಿ. ಅಳತೆ 4000 ಬೈ 4000, ಎತ್ತರ 200 ಮೀಟರ್. ಫ್ಲಿಪ್ ಫೇಸಸ್ ಆನ್ ಮಾಡಿ. ಇಲ್ಲದಿದ್ದರೆ ಕೆಳಗಿನಿಂದ ಕಾಣುವುದಿಲ್ಲ. ಸ್ಟ್ಯಾಂಡರ್ಡ್ ಮೆಟೀರಿಯಲ್ ಹಾಕಿ, ಟ್ರಾನ್ಸ್‌ಪರೆನ್ಸಿಯನ್ನು ಆಲ್ಫಾ, ಶೇಡಿಂಗನ್ನು ಅನ್‌ಶೇಡೆಡ್ ಮಾಡಿ. ಆಲ್ಬೆಡೋ ಟೆಕ್ಸ್ಚರ್‌ಗೆ ನಾಯ್ಸ್‌ಟೆಕ್ಸ್ಚರ್2ಡಿ, ಅದರಲ್ಲಿ ಮೋಡದಂಥ ಕಲೆಗಳನ್ನು ತಾನೇ ಬರೆಯುವ ಫಾಸ್ಟ್‌ನಾಯ್ಸ್‌ಲೈಟ್. ಸೀಮ್‌ಲೆಸ್ ಟಿಕ್ ಮಾಡಿ. ಕಲರ್ ರ‍್ಯಾಂಪ್‌ನ ಎಡ ತುದಿ ಪೂರ್ತಿ ಪಾರದರ್ಶಕ, ಬಲ ತುದಿ ಬೂದು ಬಿಳಿ. ಯುವಿ1 ಸ್ಕೇಲ್ 3, ಅಂದರೆ ಚಿತ್ರ ಹಾಳೆಯ ಮೇಲೆ ಅಡ್ಡಕ್ಕೂ ಉದ್ದಕ್ಕೂ ಮೂರು ಸಲ ಬರುತ್ತದೆ.

  

ಓಡಿಸಲು ಕೋಡ್ ಬೇಡ. ಅನಿಮೇಶನ್‌ಪ್ಲೇಯರ್‌ನಲ್ಲಿ ಯುವಿ1 ಆಫ್‌ಸೆಟ್‌ನ ಎಕ್ಸ್ ಬೆಲೆಯನ್ನು 300 ಸೆಕೆಂಡಿನಲ್ಲಿ 0ಯಿಂದ 1ಕ್ಕೆ ತಂದು ಲೂಪ್ ಆನ್ ಮಾಡಿ. ಆಷಾಢದ ಗಾಳಿ ಪಶ್ಚಿಮದಿಂದ ಬರುತ್ತದೆ, ಮೋಡ ಪೂರ್ವಕ್ಕೆ ಹೋಗಬೇಕು. ಉಲ್ಟಾ ಹೋದರೆ 1ರ ಬದಲು ಮೈನಸ್ 1. ಪಟವೂ ಅತ್ತಲೇ ವಾಲಬೇಕು, ನೆನಪಿರಲಿ. ಇನ್ನೊಂದು ಹಾಳೆಯನ್ನು 180 ಮೀಟರ್‌ಗೆ, 200 ಸೆಕೆಂಡಿನ ವೇಗಕ್ಕೆ ಹಾಕಿದರೆ ಆಕಾಶಕ್ಕೆ ಆಳ ಬರುತ್ತದೆ.

ಬೆಟ್ಟ ಎಷ್ಟೆತ್ತರ?

ಅಗ್ರಹಾರದಿಂದ ಬೆಟ್ಟದ ತುದಿ ನೇರ ಗೆರೆಯಲ್ಲಿ ಸುಮಾರು ಮೂರೂವರೆ ಕಿಲೋಮೀಟರ್. ಊರಿಗಿಂತ ಬೆಟ್ಟ 300 ಮೀಟರಿನಷ್ಟು ಎತ್ತರ. ಲೆಕ್ಕ ಹಾಕಿದರೆ ದಿಗಂತದಿಂದ ಬರೀ 5 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ಅಂದರೆ ಬೆಟ್ಟ ಅರ್ಧ ಮುಷ್ಟಿ! 2048 ಎತ್ತರದ ಚಿತ್ರದಲ್ಲಿ 55 ಪಿಕ್ಸೆಲ್ ಆಸುಪಾಸು. ನಮ್ಮ ಮನಸ್ಸಿನಲ್ಲಿರುವ ಬೆಟ್ಟ ಇದಕ್ಕಿಂತ ದೊಡ್ಡದು. ಅದನ್ನೇ ಬರೆದರೆ ಹಿಮಾಲಯ ಆಗುತ್ತದೆ.

ಬೆಟ್ಟದ ಫೋಟೊ ಕತ್ತರಿಸಿ, ಹಿನ್ನೆಲೆ ತೆಗೆದು, ಪಿಎನ್‌ಜಿ ಮಾಡಿ ನೆಟ್ಟಗೆ ನಿಲ್ಲುವ ಒಂದು ಕ್ವಾಡ್‌ಮೆಶ್ ಹಾಳೆಗೆ ಅಂಟಿಸಿ. ಇದಕ್ಕೂ ಆಲ್ಫಾ, ಅನ್‌ಶೇಡೆಡ್. ಮೂರೂವರೆ ಕಿಲೋಮೀಟರ್ ದೂರ ಇಡಬೇಕಿಲ್ಲ. ಒಂದು ಕಿಲೋಮೀಟರ್ ದೂರದಲ್ಲಿ 85 ಮೀಟರ್ ಎತ್ತರ ಇಟ್ಟರೂ ಕಣ್ಣಿಗೆ ಅದೇ. ವಾಲ್ವ್ ಕಂಪನಿಯ ಸೋರ್ಸ್ ಎಂಜಿನ್‌ನಲ್ಲಿ ದೂರದ ಊರನ್ನು 16ನೇ ಒಂದು ಭಾಗದ ಅಳತೆಗೆ ಕಟ್ಟುವುದೂ ಇದೇ ಲೆಕ್ಕ. ಬೆಟ್ಟ ಇರುವುದು ಆಗ್ನೇಯಕ್ಕೆ, ಆದ್ದರಿಂದ ಎಕ್ಸ್ 700, ಝಡ್ 700ರಲ್ಲಿ ಇಟ್ಟು ತಾರಸಿಯ ಕಡೆ ತಿರುಗಿಸಿ.

ಈಗ ಬೆಟ್ಟ ಕತ್ತರಿಸಿ ಅಂಟಿಸಿದ್ದು ಅಂತ ಗೊತ್ತಾಗುತ್ತದೆ. ಎನ್‌ವಿರಾನ್‌ಮೆಂಟ್‌ನಲ್ಲಿ ಫಾಗ್ (ಮಂಜು) ಆನ್ ಮಾಡಿ. ಡೆನ್ಸಿಟಿ 0.0005ರಿಂದ ಶುರು ಮಾಡಿ, ಏರಿಯಲ್ ಪರ್ಸ್ಪೆಕ್ಟಿವ್ 1, ಸ್ಕೈ ಅಫೆಕ್ಟ್ 0. ಬೆಟ್ಟಕ್ಕೆ ಆಕಾಶದ ಬಣ್ಣ ಹತ್ತಿ ಹಿಂದೆ ಸರಿಯುತ್ತದೆ. ಮೋಡದ ಹಾಳೆಯ ಅಂಚೂ ಮಸುಕಾಗುತ್ತದೆ. ಉಳಿದದ್ದನ್ನು ಪಕ್ಕದ ಮನೆಯ ತೆಂಗಿನ ಮರಗಳು ಮುಚ್ಚುತ್ತವೆ.

ಕೊನೆಗೆ ಎನ್‌ವಿರಾನ್‌ಮೆಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಬೇರೆ ಫೈಲಾಗಿ ಸೇವ್ ಮಾಡಿಕೊಳ್ಳಿ. ಮಧ್ಯಾಹ್ನಕ್ಕೊಂದು, ಸಂಜೆಗೊಂದು ಇದ್ದರೆ ಬೇರೆ ಲೆವೆಲ್‌ಗಳಿಗೂ ಬರುತ್ತದೆ. ಪಟಕ್ಕೆ ಬಿಳಿ ಬಣ್ಣ ಮಾತ್ರ ಬೇಡ, ಈ ಮೋಡದಲ್ಲಿ ಕಾಣುವುದೇ ಇಲ್ಲ. ನಾನು ಕೆಂಪು ಮಾಡಿದೆ, ಬಾಲಂಗೋಚಿ ಹಳದಿ.