ಬೆಳಕು ಬೇಡದ ಹವಳಕ್ಕೆ ಬಾಯಿಬಾಯಿಗೂ ತುತ್ತು

ಕ್ಯಾಲಿಫೋರ್ನಿಯಾದ ನಮ್ಮ ಮನೆಯಲ್ಲಿರುವ 200 ಲೀಟರಿನ ಉಪ್ಪುನೀರಿನ ತೊಟ್ಟಿಯಲ್ಲಿ ಆರು ವರ್ಷಗಳಿಂದ ಹವಳಗಳನ್ನು ಸಾಕುತ್ತಿದ್ದೇನೆ. ಅವುಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದೂ, ನಾನು ಹೆಚ್ಚು ಹಚ್ಚಿಕೊಂಡದ್ದೂ ಟ್ಯೂಬಾಸ್ಟ್ರಿಯಾ, ಅಂದರೆ ಸನ್ ಕೋರಲ್. ಇದನ್ನು ನಮ್ಮಲ್ಲೂ ಸಾಕಬಹುದೇ ಎಂದು ಊರಿನ ಗೆಳೆಯರು ಕೇಳುತ್ತಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ: ಭಾರತದಲ್ಲಿ ಇದರಂಥ ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಮುಳುಗಿ ಕಣ್ತುಂಬ ನೋಡಿ ಬರಬಹುದೇ ಹೊರತು ಒಂದು ತುಣುಕನ್ನೂ ಕಿತ್ತು ತರುವಂತಿಲ್ಲ.

ಮೊದಲ ಬಾರಿ ತಂದದ್ದು ನಾಲ್ಕೇ ತಿಂಗಳಲ್ಲಿ ಸತ್ತಿತು. ಉಪ್ಪಿನಂಶ, ಕ್ಷಾರತೆ, ಕ್ಯಾಲ್ಸಿಯಂ ಎಲ್ಲವೂ ಸರಿಯಾಗಿದ್ದವು, ತೊಟ್ಟಿಯ ಉಳಿದ ಹವಳಗಳು ಚೆನ್ನಾಗಿಯೇ ಬೆಳೆಯುತ್ತಿದ್ದವು. ತಪ್ಪಿದ್ದದ್ದು ನನ್ನ ತಿಳಿವಳಿಕೆಯಲ್ಲಿ. ತೊಟ್ಟಿಗಳಲ್ಲಿ ಸಾಕುವ ಬೇರೆ ಬಹುಪಾಲು ಹವಳಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳು ನೆಲೆಸಿ, ಬೆಳಕಿನಿಂದ ಆಹಾರ ತಯಾರಿಸಿ ಆಶ್ರಯ ಕೊಟ್ಟ ಜೀವಕ್ಕೂ ಹಂಚುತ್ತವೆ. ಸನ್ ಕೋರಲಿನಲ್ಲಿ ಆ ಪಾಚಿಗಳೇ ಇಲ್ಲ. ಹಿಡಿದು ತಿಂದರಷ್ಟೇ ಅದಕ್ಕೆ ಊಟ. ಹಸಿವಿನಿಂದ ಅದು ಒಮ್ಮೆಲೇ ಸಾಯುವುದೂ ಇಲ್ಲ: ಕಿತ್ತಳೆ ಬಣ್ಣದ ಚರ್ಮ ದಿನದಿನಕ್ಕೆ ತೆಳುವಾಗಿ, ಕೆಳಗಿನ ಬಿಳಿ ಸುಣ್ಣದ ಏಣುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಅದನ್ನು ದಿನವೂ ನೋಡಿಯೂ ನಾನು ಗುರುತಿಸಲಿಲ್ಲ ಎಂಬ ನೋವು ಇನ್ನೂ ಇದೆ.

ಇಂಥ ಒಂದು ಹವಳವೆಂದರೆ ಪುಟ್ಟ ಜೀವಿಗಳ ಗುಂಪು, ಒಂದೊಂದಕ್ಕೂ ಒಂದು ಬಾಯಿ. ನಾನು ತಂದ ಎರಡನೆಯದಕ್ಕೆ 23 ಬಾಯಿಗಳಿದ್ದವು, ಎಲ್ಲವೂ ಮುಚ್ಚಿಕೊಂಡಿದ್ದವು. ಪಾಚಿ ಹತ್ತದಿರಲೆಂದು ಅದನ್ನು ಬಂಡೆಯ ಚಾಚಿನ ಕೆಳಗೆ, ನೀರು ಚೆನ್ನಾಗಿ ಹರಿಯುವ ಕಡೆ ಇರಿಸಿದೆ. ಪ್ರತಿ ರಾತ್ರಿ ಎಂಟಕ್ಕೆ ದೀಪ ಆರಿಸಿ, ಹೆಪ್ಪುಗಟ್ಟಿಸಿದ ಮೈಸಿಸ್ ಎಂಬ ಪುಟ್ಟ ಸಿಗಡಿ ಕರಗಿದ ನೀರನ್ನು ನಾಲ್ಕು ಹನಿ ಬಿಟ್ಟು, ಇಪ್ಪತ್ತು ನಿಮಿಷ ಕಾಯುತ್ತಿದ್ದೆ. ಒಂಬತ್ತು ರಾತ್ರಿ ಏನೂ ಆಗಲಿಲ್ಲ. ಹತ್ತನೆಯ ರಾತ್ರಿ ಮೂರು ಬಾಯಿಗಳು ಅರಳಿದವು. ಪಿಪೆಟ್ಟಿನಿಂದ, ಅಂದರೆ ಹನಿ ಬಿಡುವ ಸಣ್ಣ ಕೊಳವೆಯಿಂದ, ಒಂದೊಂದು ಸಿಗಡಿಯನ್ನು ಮೆಲ್ಲನೆ ಮೇಲೆ ಇಳಿಸಿದಾಗ, ಹಳದಿ ಎಳೆಗಳು ಮುಟ್ಟಿದರೆ ಮುನಿಯ ಎಲೆಗಳಂತೆ ಒಳಕ್ಕೆ ಮಡಚಿಕೊಂಡು ತುತ್ತನ್ನು ನಡುವಿಗೆ ಎಳೆದುಕೊಂಡವು. ಮೂರು ವಾರಗಳಲ್ಲಿ 23 ಬಾಯಿಗಳೂ ಆ ಹೊತ್ತಿಗೆ ತೆರೆಯುವುದನ್ನು ರೂಢಿಸಿಕೊಂಡವು.

ತೊಟ್ಟಿಯಲ್ಲಿ ಜೊತೆಗೆ ಸಾಕಿದ್ದ ಕ್ಲೀನರ್ ಎಂಬ ಜಾತಿಯ ಸಿಗಡಿಗಳು ಮಾತ್ರ ಹವಳದ ಬಾಯಿಂದಲೇ ತುತ್ತು ಕಸಿಯುತ್ತಿದ್ದವು. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಮೇಲಿನ ಭಾಗವನ್ನು ಗಂಟೆಯಂತೆ ಹವಳದ ಮೇಲೆ ಕವುಚಿ, ಅದರ ಕುತ್ತಿಗೆಯಿಂದ ಪಿಪೆಟ್ಟು ಇಳಿಸಿ ಉಣಿಸತೊಡಗಿದ ಮೇಲೆ ಆ ಕಾಟ ತಪ್ಪಿತು.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಇಷ್ಟು ಊಟ ಹಾಕಿದರೆ ನೀರು ಕೆಡುತ್ತದೆ: ಕೊಳೆತ ಆಹಾರದಿಂದ ನೀರಿನಲ್ಲಿ ಸೇರುವ ನೈಟ್ರೇಟ್ ಎರಡು ತಿಂಗಳಲ್ಲಿ 5ರಿಂದ 30 ಪಿಪಿಎಮ್‌ಗೆ (ಹತ್ತು ಲಕ್ಷದಲ್ಲಿ ಅಷ್ಟು ಪಾಲು) ಏರಿತು, ಗಾಜಿನ ಮೇಲೆ ಪಾಚಿ ಹಬ್ಬಿತು, ಪಕ್ಕದ ಹವಳಗಳ ಬಣ್ಣ ಮಾಸಿತು. ಹವಳವನ್ನು ಹಸಿವಿಗೆ ಬಿಡುವಂತಿಲ್ಲ, ನೀರನ್ನು ಕೆಡಿಸುವಂತೆಯೂ ಇಲ್ಲ. ಈ ಜೀವವನ್ನು ಕಷ್ಟದ್ದೆನ್ನುವುದು ಈ ಇಕ್ಕಟ್ಟಿಗಾಗಿಯೇ ಎಂದು ನನಗೆ ಅನ್ನಿಸುತ್ತದೆ. ಆಗಿನಿಂದ ಸಿಗಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ತೊಳೆದು, ಕರಗಿದ ನೀರಿನಲ್ಲಿ ಹವಳವನ್ನು ಎಚ್ಚರಿಸಲು ಬೇಕಾದ ಹನಿಗಳನ್ನಷ್ಟೇ ಉಳಿಸಿಕೊಳ್ಳುತ್ತೇನೆ. ಉಣಿಸುವುದು ಎರಡು ದಿನಕ್ಕೊಮ್ಮೆ. ಅರ್ಧ ಗಂಟೆಯ ನಂತರ ಉಳಿದ ಚೂರುಗಳನ್ನು ಹೀರಿ ತೆಗೆಯುತ್ತೇನೆ, ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸುತ್ತೇನೆ. ನೈಟ್ರೇಟ್ ಈಗ 10ರ ಆಸುಪಾಸಿನಲ್ಲಿ ನಿಂತಿದೆ.

ಒಮ್ಮೆ ಮೂರು ವಾರ ಬೆಂಗಳೂರಿಗೆ ಹೋಗಬೇಕಾಯಿತು. ಒಂದೊಂದು ಹೊತ್ತಿನ ಆಹಾರವನ್ನು ಬೇರೆಬೇರೆ ಪೊಟ್ಟಣ ಕಟ್ಟಿ ಗೆಳೆಯರೊಬ್ಬರಿಗೆ ಒಪ್ಪಿಸಿ ಹೋದೆ. ಅವರು ಶ್ರದ್ಧೆಯಿಂದ ಉಣಿಸಿದರೂ ಹಿಂಬದಿಯ ಎರಡು ಬಾಯಿಗಳು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಬರುವಷ್ಟರಲ್ಲಿ ಅವುಗಳ ಅಂಚಿನಲ್ಲಿ ಸುಣ್ಣ ಕಾಣುತ್ತಿತ್ತು. ಎರಡು ತಿಂಗಳು ಅವಕ್ಕೆ ದಿನವೂ ಉಣಿಸಿದ ಮೇಲೆ ಚರ್ಮ ಮತ್ತೆ ಅಂಚಿನವರೆಗೆ ಹಬ್ಬಿತು.

ಹದಿನಾಲ್ಕನೆಯ ತಿಂಗಳಲ್ಲಿ ಬಂಡೆಯ ಅಡಿಯಲ್ಲಿ ರಾಗಿಕಾಳಿನ ಗಾತ್ರದ ಐದು ಕಿತ್ತಳೆ ಚುಕ್ಕಿಗಳು ಕಂಡವು, ತಾಯಿ ಹವಳ ಬಿಟ್ಟ ಲಾರ್ವಾಗಳು ಅಲ್ಲಿ ಅಂಟಿ ಕುಳಿತಿದ್ದವು. ಇಡೀ ಸಿಗಡಿ ಅವುಗಳ ಬಾಯಿಗೆ ಹಿಡಿಯದಾದ್ದರಿಂದ ಈಗ ಆರ್ಟೀಮಿಯಾ ಎಂಬ ಇನ್ನೂ ಸಣ್ಣ ಸಿಗಡಿಯಂಥ ಜೀವಿಯ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಹಾಕಿಡುತ್ತೇನೆ. ಸುಮಾರು ಒಂದು ದಿನದಲ್ಲಿ ಒಡೆದು ಬರುವ ಮರಿಗಳನ್ನು ಸೋಸಿ, ದೀಪ ಆರಿದ ಮೇಲೆ ಆ ಐದು ಚುಕ್ಕಿಗಳಿಗೆ ಹನಿಹನಿಯಾಗಿ ಬಿಡುತ್ತೇನೆ.