"ಯಾರಿಂದ ಬಂತು ಮೇಡಂ?" - ಸುರಕ್ಷಾ ಕ್ಲಿನಿಕ್‌ನಲ್ಲಿ ನಾನು ಕಲಿತಿದ್ದು

2010ರಲ್ಲಿ ಎಂಎಸ್‌ಡಬ್ಲ್ಯು ಮುಗಿಸಿ ನಮ್ಮ ಕಡೆಯ ಒಂದು ಜಿಲ್ಲಾಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಕೌನ್ಸೆಲರ್ ಆಗಿ ಸೇರಿದೆ. ಸುರಕ್ಷಾ ಕ್ಲಿನಿಕ್ ಅಂದ್ರೆ ಲೈಂಗಿಕವಾಗಿ ಹರಡೋ ಸೋಂಕುಗಳಿಗೆ ಉಚಿತವಾಗಿ ಪರೀಕ್ಷೆ, ಔಷಧಿ, ಕೌನ್ಸೆಲಿಂಗ್ ಸಿಗೋ ಜಾಗ. ತುಂಬಾ ಜನಕ್ಕೆ ಇದು ಇದೆ ಅಂತಾನೇ ಗೊತ್ತಿಲ್ಲ. ಗೊತ್ತಿದ್ದೋರೂ ಬೋರ್ಡ್ ನೋಡಿ ಕಾರಿಡಾರ್‌ನಲ್ಲಿ ಎರಡು ಸಲ ಆ ಕಡೆ ಈ ಕಡೆ ಓಡಾಡಿ, ಪರಿಚಯದೋರು ಯಾರೂ ಇಲ್ಲ ಅಂತ ಖಾತ್ರಿ ಆದ್ಮೇಲೆ ಒಳಗೆ ಬರ್ತಾರೆ. ಬಂದೋರ ಬಾಯಲ್ಲಿ ಮೊದಲು ಬರೋದು ಕಾಯಿಲೆ ಹೆಸರಲ್ಲ, ಔಷಧಿ ವಿಷಯಾನೂ ಅಲ್ಲ, "ಇದು ಯಾರಿಂದ ಬಂತು ಮೇಡಂ?" ಅನ್ನೋ ಪ್ರಶ್ನೆ.

ಆ ಪ್ರಶ್ನೆಗೆ ನಾನು ಒಂದ್ಸಲ ಉತ್ತರ ಕೊಟ್ಟುಬಿಟ್ಟೆ. ಸೇರಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಬಿಳಿ ಸೆರಗು, ತುರಿಕೆ ಅಂತ ಬಂದಿದ್ಳು. ಡಾಕ್ಟರು ನೋಡಿ ಹಸಿರು ಕಿಟ್ (ಬಿಳಿ ಸೆರಗಿಗೆ ಕೊಡೋ ಔಷಧಿ ಪೊಟ್ಟಣ) ಕೊಡಿಸಿದ್ರು. ನಾನು ಟ್ರೇನಿಂಗ್‌ನಲ್ಲಿ ಕಲ್ತಿದ್ದನ್ನ ಹಾಗೇ ಒಪ್ಪಿಸೋ ಹುರುಪಲ್ಲಿ "ಇದು ನಿಮ್ಮ ಯಜಮಾನರಿಂದ ಬಂದಿರಬಹುದು ಕಣಮ್ಮ, ಅವರನ್ನೂ ಕರ್ಕೊಂಡು ಬನ್ನಿ" ಅಂದೆ. ಅವಳು ಮನೆಗೆ ಹೋಗಿ ಅದನ್ನೇ ಹೇಳಿದ್ಳು. ಗಂಡ "ನನಗೇನೂ ಆಗಿಲ್ಲ, ನಿನಗೆ ಎಲ್ಲಿಂದ ಬಂತು ಹೇಳು" ಅಂತ ತಿರುಗಿಸಿ ಅವಳ ಮೇಲೇ ಹಾಕಿದ, ಹೊಡೆದ, ಅವಳು ಎರಡು ಮಕ್ಕಳ ಜೊತೆ ತವರಿಗೆ ಹೋದ್ಳು. ಎರಡು ತಿಂಗಳಾದ್ಮೇಲೆ ಅವಳ ಅಮ್ಮ ಅವಳನ್ನ ಮತ್ತೆ ಕರ್ಕೊಂಡು ಬಂದ್ರು, ತುರಿಕೆ ಮತ್ತೆ ಶುರುವಾಗಿತ್ತು. ಈ ಸಲ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದ್ರೆ ಶುಗರ್ 280. ಅವಳಿಗೆ ಇದ್ದಿದ್ದು ಕ್ಯಾಂಡಿಡಾ ಅನ್ನೋ ಫಂಗಸ್, ಅದು ಮೊದಲೇ ಮೈಯಲ್ಲಿ ಇರೋ ಫಂಗಸ್, ಶುಗರ್ ಜಾಸ್ತಿ ಆದಾಗ, ಆಂಟಿಬಯೋಟಿಕ್ ತಗೊಂಡಾಗ, ಬಸುರಿ ಆದಾಗ ತಾನಾಗೇ ಹೆಚ್ಚುತ್ತೆ. ಗಂಡನಿಂದಲೂ ಬಂದಿರಲಿಲ್ಲ, ಇನ್ಯಾರಿಂದಲೂ ಬಂದಿರಲಿಲ್ಲ. ನನ್ನ ಒಂದು ಮಾತಿಂದ ಒಂದು ಮನೆ ಒಡೀತು. ಇವತ್ತಿಗೂ ಆ ಹೆಣ್ಣುಮಗಳ ಮುಖ ನನ್ನ ಕಣ್ಣಮುಂದೆ ಇದೆ.

ಆಮೇಲೆ ನಮ್ಮ ಸ್ಕಿನ್ ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದ್ರು. ಬಿಳಿ ಸೆರಗು ಅಂತ ಬರೋದೆಲ್ಲ ಲೈಂಗಿಕ ರೋಗ ಅಲ್ಲ. ಮುಟ್ಟಿನ ಮಧ್ಯದ ದಿನಗಳಲ್ಲಿ ಮೊಟ್ಟೆಯ ಬಿಳಿ ಲೋಳೆ ಥರ ಹೋಗೋದು ರೋಗಾನೇ ಅಲ್ಲ. ಮೊಸರು ಒಡೆದ ಹಾಗೆ ಬಂದು ತುರಿಕೆ ಇದ್ರೆ ಹೆಚ್ಚಾಗಿ ಕ್ಯಾಂಡಿಡಾ. ತೆಳ್ಳಗೆ ಬೂದು ಬಣ್ಣದಲ್ಲಿ ಮೀನಿನ ವಾಸನೆ ಬಂದ್ರೆ ಒಳ್ಳೆ ಬ್ಯಾಕ್ಟೀರಿಯಾ ಕಮ್ಮಿಯಾಗಿ ಬೇರೆವು ಬೆಳೆದಿರೋದು, ಇದಕ್ಕೆ ಡೆಟ್ಟಾಲ್ ಸೋಪು ಹಾಕಿ ಒಳಗೆ ತೊಳೆಯೋದೂ ಒಂದು ಕಾರಣ. ನೊರೆ ನೊರೆಯಾಗಿ ಹಸಿರು ಹಳದಿ ಬಂದ್ರೆ ಟ್ರೈಕೊಮೋನಾಸ್ ಇರಬಹುದು, ಇವುಗಳಲ್ಲಿ ಅದು ಮಾತ್ರ ಜೋಡಿಗೂ ಔಷಧಿ ಕೊಡಲೇಬೇಕಾದ ಸೋಂಕು. ಕಣ್ಣಲ್ಲಿ ನೋಡಿದ ಮಾತ್ರಕ್ಕೆ ಗ್ಯಾರಂಟಿ ಹೇಳಕ್ಕಾಗಲ್ಲ, ಪರೀಕ್ಷೆ ಬೇಕು. ಹಾಗಿರುವಾಗ ಯಾರಿಂದ ಅಂತ ನಾನು ಹೆಂಗೆ ಹೇಳ್ತೀನಿ?

ಲೈಂಗಿಕವಾಗೇ ಬಂದಿದ್ದು ಅಂತ ಖಚಿತ ಇದ್ದಾಗಲೂ ಅಷ್ಟೇ. ಗೊನೋರಿಯಾ, ಕ್ಲಮೈಡಿಯ ಇರೋ ಎಷ್ಟೋ ಹೆಂಗಸರಿಗೆ ಒಂದು ಲಕ್ಷಣಾನೂ ಇರಲ್ಲ, ಹರ್ಪಿಸ್ ಮೈಗೆ ಸೇರಿ ವರ್ಷಗಳಾದ್ಮೇಲೂ ಮೊದಲ ಗುಳ್ಳೆ ಕಾಣಿಸಬಹುದು, ಎಚ್‌ಪಿವಿ (ಗುಪ್ತಾಂಗದಲ್ಲಿ ನರುಳ್ಳೆ, ಗರ್ಭಕೊರಳಿನ ಕ್ಯಾನ್ಸರ್ ತರೋ ವೈರಸ್) ಮದುವೆಗೆ ಮುಂಚಿನದ್ದೂ ಆಗಿರಬಹುದು. ಇವತ್ತು ಕಾಣಿಸಿಕೊಂಡಿದ್ದು ನಿನ್ನೆ ಬಂದಿದ್ದು ಅಂತಲ್ಲ, ಮೊದಲು ಕಾಣಿಸಿಕೊಂಡೋರೇ ತಂದೋರು ಅಂತಲೂ ಅಲ್ಲ. ಇದನ್ನ ಒಂದು ಹಾಳೆ ಮೇಲೆ ಗೆರೆ ಎಳೆದು ತೋರಿಸೋ ಅಭ್ಯಾಸ ಮಾಡ್ಕೊಂಡೆ. ಒಂದು ಕಡೆ ಸೋಂಕು ಸೇರಿದ ದಿನ, ಇನ್ನೊಂದು ಕಡೆ ಲಕ್ಷಣ ಕಂಡ ದಿನ, ನಡುವೆ ಖಾಲಿ. "ಈ ಖಾಲಿ ಜಾಗ ಎಷ್ಟು ಉದ್ದ ಅಂತ ಯಾರೂ ಹೇಳಕ್ಕಾಗಲ್ಲಮ್ಮ" ಅಂತೀನಿ. ಅಷ್ಟಕ್ಕೇ ಎಷ್ಟೋ ಜನ ಜೋರಾಗಿ ಉಸಿರು ಬಿಟ್ಟಿದ್ದು ನೋಡಿದೀನಿ.

ಪ್ರಶ್ನೆ ಕೇಳೋ ರೀತಿನೂ ಬದಲಾಯ್ತು. ಮೊದಮೊದಲು ಫಾರಂ ಇಟ್ಕೊಂಡು "ಹೊರಗಡೆ ಸಂಬಂಧ ಇದೆಯಾ?" ಅಂತ ಕೇಳ್ತಿದ್ದೆ, ನೂರಕ್ಕೆ ನೂರು ಜನ "ಛೆ ಛೆ ಇಲ್ಲ ಮೇಡಂ" ಅಂತಿದ್ರು. ನಮ್ಮ ಕ್ಲಿನಿಕ್‌ಗೆ ಹೆಂಗಸರನ್ನ ಕರ್ಕೊಂಡು ಬರ್ತಿದ್ದ ಒಬ್ಬ ಪೀರ್ ಎಜುಕೇಟರ್ (ತಮ್ಮಂಥೋರಿಗೇ ತಿಳಿ ಹೇಳೋ ಕಾರ್ಯಕರ್ತೆ) ಅಕ್ಕ ಇದ್ರು, ಅವರೇ ಸೆಕ್ಸ್ ವರ್ಕ್ ಮಾಡ್ತಿದ್ದೋರು, ಅವರು ಒಂದಿನ "ನೀವು ಪೊಲೀಸ್ ಥರ ಕೇಳ್ತೀರಿ, ಅದಕ್ಕೇ ಯಾರೂ ಹೇಳಲ್ಲ" ಅಂದ್ರು. ಈಗ ಮೊದಲು ಬಾಗಿಲ ಪರದೆ ಎಳೀತೀನಿ, ಪೆನ್ನು ಕೆಳಗಿಡ್ತೀನಿ, "ಇಲ್ಲಿ ಬರೋ ಎಲ್ಲರಿಗೂ ಇದನ್ನೇ ಕೇಳೋದು, ಔಷಧಿ ಸರಿಯಾಗಿ ಕೊಡಬೇಕು ಅಂತ ಅಷ್ಟೇ" ಅಂತ ಹೇಳಿ, ಕಳೆದ ಮೂರು ತಿಂಗಳಲ್ಲಿ ಯಾರ್ಯಾರ ಜೊತೆ ಸೇರಿದ್ರಿ, ಗಂಡಸರಾ ಹೆಂಗಸರಾ, ಬಾಯಿಂದ, ಹಿಂದ್ಗಡೆಯಿಂದ ಆಯ್ತಾ ಅಂತ ನೇರವಾಗಿ ಕೇಳ್ತೀನಿ. ಆಡುಮಾತಲ್ಲಿ ಕೇಳಿದ್ರೆ ಆಡುಮಾತಲ್ಲೇ ಉತ್ತರ ಬರುತ್ತೆ. ಗಂಟಲಲ್ಲೂ ಗುದದ್ವಾರದಲ್ಲೂ ಸೋಂಕು ಇರುತ್ತೆ, ಕೇಳದೇ ಹೋದ್ರೆ ಯಾರೂ ಅಲ್ಲಿ ನೋಡೋದೇ ಇಲ್ಲ.

ಒಬ್ಬ ಲಾರಿ ಡ್ರೈವರ್ ಅಣ್ಣನ ವಿಷಯ ಹೇಳ್ತೀನಿ. ಉರಿಮೂತ್ರ, ಕೀವು ಅಂತ ಬಂದಿದ್ರು. ಅದಕ್ಕೂ ಮುಂಚೆ ಮೆಡಿಕಲ್ ಸ್ಟೋರ್‌ನಲ್ಲಿ ಹೇಳಿ ಒಂದೆರಡು ಕ್ಯಾಪ್ಸೂಲ್ ತಗೊಂಡಿದ್ರು, ಎರಡು ದಿನ ಕಮ್ಮಿಯಾಗಿ ಮತ್ತೆ ಬಂದಿತ್ತು. ದಯವಿಟ್ಟು ಹೀಗೆ ಮಾಡಬೇಡಿ, ಗೊನೋರಿಯಾ ಒಂದೊಂದೇ ಆಂಟಿಬಯೋಟಿಕ್‌ಗೆ ಬಗ್ಗದ ಹಾಗೆ ಆಗ್ತಾ ಬಂದಿದೆ, ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಅದಕ್ಕೆ ಕೆಲಸ ಮಾಡೋ ಕಾಲ ಯಾವತ್ತೋ ಮುಗೀತು. ನಾವು ಆಗ ಗ್ರೇ ಕಿಟ್ ಕೊಡ್ತಿದ್ವಿ, ಅಜಿಥ್ರೊಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ, ಎರಡೂ ಒಂದೇ ಸಲ, ನಮ್ಮ ಕಣ್ಣೆದುರೇ ನುಂಗಬೇಕು. ವಾಸಿ ಆಯ್ತು. ಮೂರು ವಾರಕ್ಕೆ ಮತ್ತೆ ಅದೇ ಕೀವು. ಹೆಂಡತಿಗೆ ಔಷಧಿ ಆಗಿರಲಿಲ್ಲ, "ಅವಳಿಗೇನೂ ತೊಂದ್ರೆ ಇಲ್ಲ ಮೇಡಂ" ಅಂತಿದ್ರು. ಕಾಂಡೋಮ್ ಯಾಕೆ ಹಾಕಿಲ್ಲ ಅಂದ್ರೆ "ಅವಳಿಗೆ ಆಪರೇಷನ್ ಆಗಿದೆಯಲ್ಲ?"

ಈ ಮಾತು ನಾನು ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ನಮ್ಮ ಕಡೆ ಎರಡು ಮಕ್ಕಳಾದ ಕೂಡ್ಲೇ, ಇಪ್ಪತ್ತೈದರೊಳಗೇ ಹೆಣ್ಣುಮಕ್ಕಳಿಗೆ ಆಪರೇಷನ್ ಆಗಿಬಿಡುತ್ತೆ, ಅಲ್ಲಿಗೆ ಕಾಂಡೋಮ್ ಅನ್ನೋದು ಆ ಮನೆಯಿಂದ ಹೋಗಿಬಿಡುತ್ತೆ. ಆಪರೇಷನ್, ಕಾಪರ್ ಟಿ, ಮಾತ್ರೆ ಇವೆಲ್ಲ ಮಗು ಆಗದ ಹಾಗೆ ತಡೆಯುತ್ತವೆ, ಸೋಂಕನ್ನಲ್ಲ. ಇದನ್ನ ಆಪರೇಷನ್ ಮಾಡಿಸೋ ದಿನಾನೇ ಹೇಳಬೇಕು ಅಂತ ನನ್ನ ಬಲವಾದ ಅಭಿಪ್ರಾಯ.

ಕಾಂಡೋಮ್ ಗೊತ್ತು ಅನ್ನೋರಿಗೂ ಮರದ ಮಾಡೆಲ್ ಕೊಟ್ಟು ಹಾಕಿ ತೋರಿಸಿ ಅಂತೀನಿ. ತುದಿ ಹಿಂಡಿ ಗಾಳಿ ತೆಗೆಯಲ್ಲ, ಹಲ್ಲಲ್ಲಿ ಹರೀತಾರೆ, ಎರಡು ಹಾಕಿದ್ರೆ ಡಬಲ್ ಸೇಫ್ ಅಂತ ಹಾಕ್ತಾರೆ, ಕೊಬ್ಬರಿ ಎಣ್ಣೆ ಹಚ್ತಾರೆ. ಎಣ್ಣೆ ತಾಗಿದ್ರೆ ರಬ್ಬರ್ ಬೇಗ ಹರಿಯುತ್ತೆ, ನೀರಿನಂಶದ ಜೆಲ್ ಹಚ್ಚಿದ್ರೆ ಸರಿ. ಆ ಡ್ರೈವರ್ ಅಣ್ಣ ಕಾಂಡೋಮನ್ನ ಲಾರಿ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಲ್ಲಿ ಇಡ್ತಿದ್ರು, ಬಿಸಿಗೂ ರಬ್ಬರ್ ಹಾಳಾಗುತ್ತೆ. ಇನ್ನೊಂದು, ಕಾಂಡೋಮ್ ಮುಚ್ಚದ ಜಾಗದ ಚರ್ಮ ತಾಗಿದ್ರೂ ಹರ್ಪಿಸ್, ಎಚ್‌ಪಿವಿ, ಸಿಫಿಲಿಸ್ ಬರಬಹುದು, ಅಪಾಯ ಕಮ್ಮಿಯಾಗುತ್ತೆ, ಪೂರ್ತಿ ಹೋಗಲ್ಲ. ಅದಕ್ಕೇ ಹೆಪಟೈಟಿಸ್ ಬಿ ಮತ್ತು ಎಚ್‌ಪಿವಿ ಲಸಿಕೆ ಬಗ್ಗೆನೂ ಹೇಳ್ತೀನಿ, ಎಚ್‌ಪಿವಿದು 9ರಿಂದ 14 ವರ್ಷದೊಳಗೆ ಹಾಕಿಸಿದ್ರೆ ತುಂಬಾ ಒಳ್ಳೇದು.

ಸರಿ, ಆ ಅಣ್ಣನ ಹೆಂಡತಿನ ಹೆಂಗೆ ಕರೆಸಿದ್ವಿ ಅಂದ್ರೆ, ಏನು ಹೇಳಬೇಕು ಅಂತ ಇಬ್ಬರೂ ಕೂತು ಪ್ರಾಕ್ಟೀಸ್ ಮಾಡಿದ್ವಿ. "ನನಗೆ ಒಂದು ಇನ್‌ಫೆಕ್ಷನ್ ಆಗಿದೆ, ನಿನಗೆ ಲಕ್ಷಣ ಇಲ್ದೇ ಇದ್ರೂ ಒಳಗೆ ಇರಬಹುದು, ಬಿಟ್ರೆ ಗರ್ಭಕೋಶದ ನಾಳಕ್ಕೆ ಹೋಗುತ್ತಂತೆ, ಇಬ್ಬರೂ ಒಟ್ಟಿಗೆ ಮಾತ್ರೆ ತಗೊಳ್ಳೋಣ." ಅವರು ಎರಡು ಸಲ ಹೇಳಿ ನೋಡಿದ್ರು, ಮೂರನೇ ಸಲ ದನಿ ನಡುಗೋದು ನಿಂತಿತು. ಮುಂದಿನ ಸೋಮವಾರ ಇಬ್ಬರೂ ಬಂದ್ರು, ಆಯಮ್ಮ ಕೇಳಿದ್ದು ಅದೇ ಪ್ರಶ್ನೆ. ನಾನು ಗೆರೆ ಎಳೆದು ತೋರಿಸಿದೆ. "ಔಷಧಿ ಇಬ್ಬರಿಗೂ ಒಂದೇ ದಿನ, ಏಳು ದಿನ ಸೇರೋ ಹಾಗಿಲ್ಲ, ಇಷ್ಟು ನನಗೆ ಗೊತ್ತು, ಉಳಿದಿದ್ದು ನಿಮ್ಮಿಬ್ಬರ ಮಾತು" ಅಂದೆ. ಸುಳ್ಳು ಹೇಳಲ್ಲ ನಾನು, ಗಂಡಸಿನ ಪರ ಮುಚ್ಚಿಡೋದೂ ಇಲ್ಲ, ಆದ್ರೆ ಅವರು ನನ್ನ ಹತ್ರ ಗುಟ್ಟಾಗಿ ಹೇಳಿದ್ದನ್ನ ಇನ್ನೊಬ್ಬರಿಗೆ ದಾಟಿಸಲ್ಲ. ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆನೇ ಇದೆ, ಒಪ್ಪಿಗೆ ಇಲ್ದೆ ಪರೀಕ್ಷೆ ಮಾಡೋ ಹಾಗಿಲ್ಲ, ಕಾಯ್ದೆನೇ ಹೇಳಿರೋ ಕೆಲವು ಸಂದರ್ಭ ಬಿಟ್ರೆ ರಿಸಲ್ಟ್ ಬೇರೆಯೋರಿಗೆ ಹೇಳೋ ಹಾಗಿಲ್ಲ. ನಮ್ಮಲ್ಲಿ ಹೆಸರಿನ ಬದಲು ನಂಬರ್ ಕೂಗ್ತೀವಿ, ಸಣ್ಣ ಊರಲ್ಲಿ ಅದು ದೊಡ್ಡ ವಿಷಯ.

ನನಗೆ ಜಾಸ್ತಿ ಭಯ ಇರೋದು ಸಿಫಿಲಿಸ್ ಬಗ್ಗೆ, ಹಳಬರು ಪರಂಗಿ ರೋಗ ಅಂತಿದ್ರಲ್ಲ ಅದು. ಮೊದಲ ಹುಣ್ಣು ನೋಯಲ್ಲ, ಏನೂ ಮಾಡದಿದ್ರೂ ಕೆಲವು ವಾರಕ್ಕೆ ತಾನಾಗೇ ಮಾಯುತ್ತೆ, ಜನ ಹಚ್ಚಿದ ಮುಲಾಮಿಂದ ವಾಸಿಯಾಯ್ತು ಅಂದ್ಕೋತಾರೆ. ಆಮೇಲೆ ಅಂಗೈ ಅಂಗಾಲಲ್ಲಿ ಕಲೆ ಬಂದು ಅದೂ ಹೋಗುತ್ತೆ, ಆಮೇಲೆ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತೆ. ಒಬ್ಬ ಬಸುರಿ ಹೆಣ್ಣುಮಗಳಿಗೆ ಐದನೇ ತಿಂಗಳಲ್ಲಿ ಆರ್‌ಪಿಆರ್ ಅನ್ನೋ ಸಿಫಿಲಿಸ್ ರಕ್ತ ಪರೀಕ್ಷೆ ರಿಯಾಕ್ಟಿವ್, ಅಂದ್ರೆ ಪಾಸಿಟಿವ್ ಬಂತು, 1:32 (ಎರಡನೇ ಅಂಕಿ ದೊಡ್ಡದಾದಷ್ಟೂ ರಕ್ತದಲ್ಲಿ ಸೋಂಕಿನ ಗುರುತು ಜಾಸ್ತಿ), ಯಾವತ್ತೂ ಒಂದು ಗುಳ್ಳೆನೂ ಆಗಿರದ ಹುಡುಗಿ. ಗಂಡನಿಗೆ ಮಾಡಿಸಿದ್ರೆ ಅವನಿಗೂ ರಿಯಾಕ್ಟಿವ್. ಅತ್ತೆ ಹೊರಗೆ ಕೂತಿದ್ರು, ಅವರದ್ದೂ ಅದೇ ಪ್ರಶ್ನೆ. ಹೊಟ್ಟೆಲಿರೋ ಮಗುನ ಕಾಪಾಡೋಕೆ ಪೆನ್ಸಿಲಿನ್ ಬಿಟ್ರೆ ಬೇರೆ ನಂಬೋ ಔಷಧಿ ಇಲ್ಲ, ಹೆರಿಗೆಗೆ ಒಂದು ತಿಂಗಳಿಗಿಂತ ಮುಂಚೆನೇ ಶುರು ಮಾಡಬೇಕು. ಅಲರ್ಜಿ ಭಯಕ್ಕೆ ಈ ಇಂಜೆಕ್ಷನ್ ಕೊಡೋಕೆ ಹಿಂಜರಿಯೋ ಕಡೆಗಳೂ ಇವೆ. ನಮ್ಮ ಡಾಕ್ಟರು ಟೆಸ್ಟ್ ಡೋಸ್ ಕೊಟ್ಟು, ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು, 24 ಲಕ್ಷ ಯೂನಿಟ್ ಬೆಂಜಥೀನ್ ಪೆನ್ಸಿಲಿನ್ ಎರಡು ಕಡೆ ಸೊಂಟಕ್ಕೆ ಅರ್ಧರ್ಧ ಕೊಟ್ರು, ವಾರಕ್ಕೊಂದರಂತೆ ಮೂರು ವಾರ. ಮೊದಲ ರಾತ್ರಿ ಚಳಿಜ್ವರ ಬರಬಹುದು, ಔಷಧಿಗೆ ರೋಗಾಣು ಸಾಯುವಾಗ ಹಾಗಾಗುತ್ತೆ, ಮಗು ಓಡಾಟ ಕಮ್ಮಿ ಅನ್ನಿಸಿದ್ರೆ ತಕ್ಷಣ ಬಾ ಅಂತ ಮೊದಲೇ ಹೇಳಿ ಕಳಿಸಿದ್ದೆ. ರಾತ್ರಿ ಜ್ವರ ಬಂತು, ಫೋನ್ ಮಾಡಿದ್ಳು, ಆದ್ರೆ ಹೆದರಲಿಲ್ಲ, ಉಳಿದೆರಡು ಇಂಜೆಕ್ಷನ್ ತಪ್ಪಿಸಲೂ ಇಲ್ಲ.

ಅತ್ತೆಗೆ ಆ ಹುಡುಗಿ ಒಪ್ಪಿಗೆ ತಗೊಂಡು ನಾನು ಹೇಳಿದ್ದು ಇಷ್ಟೇ, "ಅಮ್ಮಾ, ರಕ್ತದಲ್ಲಿ ಒಂದು ಸೋಂಕಿದೆ, ಮೂರು ಇಂಜೆಕ್ಷನ್‌ಗೆ ವಾಸಿ ಆಗುತ್ತೆ, ಮಗುಗೋಸ್ಕರ ಮೂರಕ್ಕೂ ನೀವೇ ಕರ್ಕೊಂಡು ಬರಬೇಕು." ಮೂರು ವಾರವೂ ಅವರೇ ಬಸ್ಸಲ್ಲಿ ಕರ್ಕೊಂಡು ಬಂದ್ರು. ಹೆರಿಗೆ ಹೊತ್ತಿಗೆ ಅವಳದ್ದು 1:4ಕ್ಕೆ ಇಳಿದಿತ್ತು. ಮಗುಗೆ ಹುಟ್ಟಿದಾಗ ಸ್ವಲ್ಪ ರಿಯಾಕ್ಟಿವ್ ಬಂತು, ಅದು ತಾಯಿಯಿಂದ ದಾಟಿದ ಆ್ಯಂಟಿಬಾಡಿ ಇರಬಹುದು, ಕಾದು ನೋಡೋಣ ಅಂದ್ರು ಮಕ್ಕಳ ಡಾಕ್ಟರು. ಆರು ತಿಂಗಳಿಗೆ ಮತ್ತೆ ಮಾಡಿದಾಗ ನಾನ್ ರಿಯಾಕ್ಟಿವ್. ರಿಪೋರ್ಟ್ ಇಸ್ಕೊಳ್ಳೋಕೆ ಬಂದಿದ್ದೂ ಆ ಅತ್ತೆನೇ, ಮೊಮ್ಮಗಳನ್ನ ಸೊಂಟದ ಮೇಲೆ ಎತ್ಕೊಂಡು. ಈ ಸಲ ಅವರು ಯಾರಿಂದ ಬಂತು ಅಂತ ಕೇಳಲಿಲ್ಲ, ಪೋಲಿಯೋ ಡ್ರಾಪ್ಸ್ ಯಾವ ರೂಮಲ್ಲಿ ಹಾಕ್ತಾರೆ ಅಂತ ಕೇಳಿದ್ರು.