ತೊರೆಯ ಮೀಸೆ ಮೀನು ಯಾವುದು? ಬೆನ್ನು ಬಿಡಿ, ಎದೆ ನೋಡಿ

ಬೆಟ್ಟದ ತೊರೆಯಲ್ಲಿ ಕಲ್ಲಿಗೆ ಕಚ್ಚಿಕೊಂಡಿದ್ದ ಪುಟ್ಟ ಮೀಸೆ ಮೀನು ಸಿಕ್ಕರೆ ಎಲ್ಲರೂ ಬೆನ್ನಿನ ಫೋಟೊ ತೆಗೆದು, ಬಣ್ಣ ನೋಡಿ ಹೆಸರಿಟ್ಟುಬಿಡುತ್ತಾರೆ. ಎಡವುವುದೇ ಅಲ್ಲಿ. ಒಂದೇ ಜಾತಿಯ ಮೀನುಗಳಲ್ಲೂ ಬಣ್ಣ ಬೇರೆ ಬೇರೆ ಇರುತ್ತದೆ, ಕೆಡದಂತೆ ಇಡಲು ಫಾರ್ಮಾಲಿನ್ ದ್ರಾವಣಕ್ಕೆ ಹಾಕಿದ ಮೇಲಂತೂ ಎಲ್ಲವೂ ಮಾಸಲು ಕಂದು. ಮೊಬೈಲ್ ಆ್ಯಪ್ ಹೇಳುವ ಹೆಸರನ್ನೂ ಇಲ್ಲಿ ನಂಬಬೇಡಿ.

ಮೊದಲು ಅದು ಕಲ್ಲಿಗೆ ಅಂಟುವ ಈ ಗುಂಪಿನ ಕ್ಯಾಟ್‌ಫಿಶ್ (ಮೀಸೆ ಮೀನು) ಹೌದಾ ನೋಡಿ. ಮೈಮೇಲೆ ಹುರುಪೆ ಇರಬಾರದು, ಬಾಲದ ಹತ್ತಿರ ಬೆನ್ನ ಮೇಲೆ ಸಣ್ಣ ಮಾಂಸದ ರೆಕ್ಕೆ ಇರಬೇಕು, ಮೀಸೆ 4 ಜೊತೆ. ಕಲ್ಲಿಗೆ ಅಂಟುವ ಲೋಚ್ ಮೀನಿಗೆ ಆ ಮಾಂಸದ ರೆಕ್ಕೆ ಇಲ್ಲ.

ಈಗ ಎದೆ. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ. ಹುಷಾರು, ಬೆನ್ನಿನ ಮತ್ತು ಎದೆರೆಕ್ಕೆಯ ಮುಳ್ಳು ಚುಚ್ಚುತ್ತದೆ. ಚಪ್ಪಟೆ ತಳದ ಗಾಜಿನ ಪಾತ್ರೆಗೆ ಸ್ವಲ್ಪವೇ ನೀರು ಹಾಕಿ ಮೀನು ಬಿಡಿ, ಅದು ತಳಕ್ಕೆ ಕೂತ ಮೇಲೆ ಪಾತ್ರೆ ಎತ್ತಿ ಕೆಳಗಿನಿಂದ ನೋಡಿ. ಫ್ಲ್ಯಾಶ್ ಹಾಕಿದರೆ ಗಾಜು ಹೊಳೆದು ಏನೂ ಕಾಣುವುದಿಲ್ಲ. ಟಾರ್ಚ್ ಪಕ್ಕದಿಂದ, ಆದಷ್ಟು ಓರೆಯಾಗಿ ಹಿಡಿಯಿರಿ, ಆಗ ಎರಡು ಎದೆರೆಕ್ಕೆಗಳ ನಡುವಿನ ಚರ್ಮದ ಮಡಿಕೆಗಳಿಗೆ ನೆರಳು ಬಿದ್ದು ಒಂದೊಂದೂ ಎದ್ದು ಕಾಣುತ್ತದೆ. ಮಡಿಕೆಗಳು ತಲೆಯಿಂದ ಬಾಲದ ಕಡೆಗೆ ಉದ್ದಕ್ಕೆ ಅಥವಾ ಓರೆಯಾಗಿ ಹೋಗಿದ್ದರೆ ಬಹುತೇಕ ಗ್ಲಿಪ್ಟೊಥೊರ್ಯಾಕ್ಸ್ ಎಂಬ ಕುಲದ ಮೀನು. ಮೆಟ್ಟಿಲಿನ ಹಾಗೆ ಅಡ್ಡಡ್ಡ ಇದ್ದರೆ ಸ್ಯೂಡೆಕೆನಿಸ್ ಎಂಬ ಇನ್ನೊಂದು ಕುಲ, ಅದು ಹಿಮಾಲಯದ ಕಡೆಯದು, ಪಶ್ಚಿಮ ಘಟ್ಟದಲ್ಲಿ ಸಿಗುವುದಿಲ್ಲ. ರೆಕ್ಕೆಯ ಮೊದಲ ಕಡ್ಡಿಯ ಅಡಿಯಲ್ಲೂ ನೆರಿಗೆ ಇದೆ ಅಂತ ಗಾಬರಿ ಬೇಡ, ಹಿಮಾಲಯದ ಗ್ಲಿಪ್ಟೊಥೊರ್ಯಾಕ್ಸ್ ಪೆಕ್ಟಿನೊಪ್ಟೆರಸ್‌ಗೆ ಎದೆಯ ಮಡಿಕೆ, ರೆಕ್ಕೆಯ ನೆರಿಗೆ ಎರಡೂ ಇವೆ. ಎದೆ ಹೇಳಿದ್ದೇ ಸರಿ.

ಮೊಬೈಲಿಗೆ ಸಿಕ್ಕಿಸುವ ಅಗ್ಗದ ಮ್ಯಾಕ್ರೋ ಲೆನ್ಸ್ ಸುಮ್ನೆ ದುಡ್ಡು ದಂಡ, ಅಂಚೆಲ್ಲ ಮಸುಕು. 10 ಪಟ್ಟಿನ ಕೈಮಸೂರ ಸಾಕು.

ಮೀನು ತೀರಾ ಚಿಕ್ಕದಾಗಿದ್ದು ಮೈಮೇಲೆ ಅಡ್ಡಪಟ್ಟೆ ಇದ್ದರೆ ಅದು ಸ್ಯೂಡೊಲಗುವಿಯಾ ಎಂಬ ಬೇರೆ ಕುಲದ್ದು ಕೂಡ ಆಗಿರಬಹುದು. ಅದಕ್ಕೂ ಎದೆಯಲ್ಲಿ ಉದ್ದ ಮಡಿಕೆಗಳೇ. ನಮ್ಮ ಕುಮಾರಧಾರಾ ಹೊಳೆಯ ಸ್ಯೂಡೊಲಗುವಿಯಾ ಲ್ಯಾಪಿಲ್ಲಿಕೋಲಾಗೆ ಹೆಸರು ಸಿಕ್ಕಿದ್ದೇ 2013ರಲ್ಲಿ. ಹಾಗಾಗಿ ಪುಟ್ಟ ಮೀನನ್ನೆಲ್ಲ ಗ್ಲಿಪ್ಟೊಥೊರ್ಯಾಕ್ಸ್ ಮರಿ ಅಂದುಬಿಡಬೇಡಿ.

ಜಾತಿ ಹೇಳಲು ಇಷ್ಟು ಬರೆದುಕೊಳ್ಳಿ: ಮಡಿಕೆಗಳು ಗಂಟಲಿನವರೆಗೆ ಹಬ್ಬಿವೆಯೋ, ನಡುವೆ ಮಡಿಕೆಯಿಲ್ಲದ ಗುಳಿ ಇದೆಯೋ, ಬೆನ್ನಮುಳ್ಳು ನುಣುಪೋ ಗರಗಸವೋ, ಚರ್ಮ ತರಿತರಿಯೋ, ಬಾಲದ ಬುಡ ಎಷ್ಟು ದಪ್ಪ. ಜೊತೆಗೆ ಹೊಳೆಯ ಹೆಸರು. ಗ್ಲಿಪ್ಟೊಥೊರ್ಯಾಕ್ಸ್‌ನಲ್ಲಿ 100ಕ್ಕೂ ಜಾಸ್ತಿ ಜಾತಿಗಳಿವೆ, ಎಲ್ಲಿಯದೆಂದು ಗೊತ್ತಿಲ್ಲದ ಅಕ್ವೇರಿಯಂ ಅಂಗಡಿಯ ಮೀನಾದರೆ ಕುಲದ ಹೆಸರು ಬರೆದು ಅಲ್ಲಿಗೇ ನಿಲ್ಲಿಸಿ.